ಯಾರೂ ಮಾತಾಡದಿದ್ದರೆ ಒಪ್ಪಿಗೆ

ಜನವರಿ ೯, ಮಂಗಳವಾರ

ಈ ಲಕೋಟೆ ಒಡೆದು ಓದುತ್ತಿರುವ ಮಹಾನುಭಾವನೇ,

ಮೊದಲು ನಿನಗೇ ಎರಡು ಮಾತು. ಬೇರೆಯವರ ಕಾಗದ ಒಡೆಯಬಾರದು ಎಂದು ನಿನಗೆ ಮನೆಯಲ್ಲಿ ಯಾರೂ ಹೇಳಿಕೊಡಲಿಲ್ಲವೇ? ಅಂಟು ಹಚ್ಚಿ, ಮೇಲೊಂದು ಸುತ್ತು ಹೊಲಿಗೆ ಹಾಕಿ ಕಳಿಸಿದ್ದೇನೆ. ಅದನ್ನೂ ಬಿಚ್ಚಿದ್ದೀಯ ಎಂದರೆ ನಿನ್ನ ಕೈಗೆ ಬೇರೆ ಕೆಲಸವಿಲ್ಲ. ಕಟ್ಟಡದ ಭದ್ರತೆಗಾಗಿ ಎಲ್ಲ ಟಪಾಲನ್ನೂ ತೆರೆದು ನೋಡುತ್ತಾರೆ ಎಂದು ಮೊಮ್ಮಗಳು ಬರೆದಿದ್ದಾಳೆ. ಮುದುಕಿಯ ಕಾಗದಕ್ಕೆ ಬೀಳುವ ಕಟ್ಟಡವಾದರೆ ಅದನ್ನು ಕಟ್ಟಿದ ಮೇಸ್ತ್ರಿಯನ್ನು ಹೋಗಿ ಹಿಡಿ. ನನ್ನ ಭಾಷೆ ನಿನಗೆ ಬಾರದಂತೆ. ಬಾರದ ಭಾಷೆಯನ್ನು ಇಷ್ಟು ಹೊತ್ತು ದಿಟ್ಟಿಸುತ್ತಿದ್ದೀಯಲ್ಲ, ಆ ಹೊತ್ತಿನಲ್ಲಿ ನಿನ್ನ ಅಜ್ಜಿಗೆ ಒಂದು ಸಾಲು ಬರೆದಿದ್ದರೆ ಪುಣ್ಯ ಬರುತ್ತಿತ್ತು. ಸಾಕು, ಮಡಿಕೆ ಕೆಡದಂತೆ ಮಡಚಿ ಅವಳ ಮೇಜಿಗೆ ತಲುಪಿಸು.

ಇನ್ನು ಗುಬ್ಬಿ, ನಿನ್ನ ಸರದಿ.

ನಿನ್ನ ಹೋದ ಕಾಗದ ಎಷ್ಟು ಚಿಕ್ಕದಿತ್ತೆಂದರೆ ಒಡೆದವನಿಗೂ ಬೇಜಾರಾಗಿರಬೇಕು. ಚೆನ್ನಾಗಿದ್ದೇನೆ, ಮಂಜು ಬೀಳುತ್ತಿದೆ, ನಮ್ಮ ಬ್ಯಾಂಕು ನಡೆಸುವ ಹಿರಿಯರು ಕೆಲಸ ಬಿಡುತ್ತಿದ್ದಾರೆ, ಆ ಜಾಗಕ್ಕೆ ಇನ್ನೊಬ್ಬರನ್ನು ಆರಿಸಬೇಕು, ಗಡಿಬಿಡಿ. ಇದು ಕಾಗದವೋ, ಹೊರಟ ಬಸ್ಸಿನ ಕಿಟಕಿಯಿಂದ ಕೂಗಿದ ಮಾತೋ? ಫೋನಿನಲ್ಲಂತೂ ನೀನು "ಚೆನ್ನಾಗಿದ್ದೀನಿ" ಅನ್ನುತ್ತೀಯ, ನಾನು "ಊಟ ಆಯ್ತಾ" ಅನ್ನುತ್ತೇನೆ, ಅಷ್ಟರಲ್ಲಿ ನಿನ್ನ ಅಮ್ಮ ಫೋನು ಕಸಿದುಕೊಳ್ಳುತ್ತಾಳೆ. ಕಾಗದದಲ್ಲಾದರೂ ಮನಸ್ಸು ಬಿಚ್ಚು.

ನಿನ್ನ ಕಾಗದಗಳನ್ನು ನಾನೊಬ್ಬಳೇ ಓದಿಕೊಳ್ಳುವುದಿಲ್ಲ, ಅದನ್ನೂ ತಿಳಿದು ಬರೆ. ಮಧ್ಯಾಹ್ನ ಊಟವಾದ ಮೇಲೆ ನಮ್ಮ ಹೊಲಿಗೆ ಸಂಘದ ಮಹಡಿಯಲ್ಲಿ ಗಟ್ಟಿಯಾಗಿ ಓದುತ್ತೇನೆ. ಆ ಹೊತ್ತು ನಿನಗೆ ಗೊತ್ತಲ್ಲ. ಕೆಳಗೆ ಹಿಟ್ಟಿನ ಗಿರಣಿ ಗುಂಯ್‌ಗುಡುತ್ತಿರುತ್ತದೆ, ನೆಲ ಸಣ್ಣಗೆ ನಡುಗುತ್ತಿರುತ್ತದೆ, ಕಿಟಕಿಯ ಬಿಸಿಲಿನಲ್ಲಿ ಮೇಲಿನ ಹತ್ತಿಯ ಎಳೆಯೂ ಕೆಳಗಿನ ಹಿಟ್ಟಿನ ಪುಡಿಯೂ ಒಂದಾಗಿ ತೇಲುತ್ತವೆ. ಯಾರು ಎಚ್ಚರ, ಯಾರು ನಿದ್ದೆ ಎಂದು ಹೇಳಲಾಗದು. ಮೊನ್ನೆ ನಾನೂ ಯಂತ್ರದ ಮೇಲೆ ತಲೆಯಿಟ್ಟೆ, ನಿನ್ನ ಬ್ಯಾಂಕು ಕಂಡಿತು. ಬಟ್ಟೆ ಕತ್ತರಿಸುವ ಮೇಜಿನಂಥದೇ ಒಂದು ಮೇಜು, ಆದರೆ ಅದಕ್ಕೆ ಕೊನೆಯಿಲ್ಲ. ದೇಶದೇಶಗಳವರು ಅರ್ಧ ಹೊಲಿದ ಕೋಟು ತೊಟ್ಟು ಕೂತಿದ್ದಾರೆ. ಹಿರಿಯರ ಕುರ್ಚಿಯಲ್ಲಿ ಮನುಷ್ಯರಿಲ್ಲ, ಒಂದು ಬೆಕ್ಕು ಮಲಗಿದೆ. ಬಂದವರೆಲ್ಲ ಬೆಕ್ಕಿಗೆ ತಲೆಬಾಗಿ, ಸದ್ದಾಗದಂತೆ ಕುರ್ಚಿ ಎಳೆದು ಕೂರುತ್ತಿದ್ದಾರೆ.

ಎದ್ದ ಮೇಲೆ ಯೋಚನೆ ಬಂತು. ಅಷ್ಟು ದೊಡ್ಡ ಬ್ಯಾಂಕಿಗೆ ಹಿರಿಯರನ್ನು ಹೇಗೆ ಆರಿಸುತ್ತಾರೆ? ನನ್ನನ್ನು ಕೇಳಿದರೆ ಅದರಲ್ಲಿ ಗಡಿಬಿಡಿ ಪಡುವಂಥದ್ದು ಏನಿಲ್ಲ. ಹೆಚ್ಚು ಹಣ ಕೊಟ್ಟವರು ಹೇಳಿದವರೇ ಹಿರಿಯರಾಗಲಿ. ನಮ್ಮ ಸಂಘಕ್ಕೆ ಮೊದಲ ಯಂತ್ರ ಕೊಟ್ಟವಳು ನಾನು. ಅಂದಿನಿಂದ ಅಧ್ಯಕ್ಷೆಯೂ ನಾನೇ. ಪ್ರತಿ ವರ್ಷವೂ ಎಲ್ಲರ ಒಪ್ಪಿಗೆಯಿಂದ.

ಉದ್ದವಾಗಿ ಬರೆ.

ನಿನ್ನ ಅಜ್ಜಿ

*

ಜನವರಿ ೩೦

ಅಜ್ಜಿ,

ಟಪಾಲು ಕೋಣೆಯವರು ನಿನ್ನ ಕಾಗದ ತಂದುಕೊಟ್ಟು "ಮೇಲ್ಗಡೆ ಏನೋ ಬೇರೆಯಾಗಿ ಬರೆದ ಹಾಗಿದೆ, ಏನದು?" ಎಂದು ಕೇಳಿದರು. "ಅದು ನಿಮಗೇ, ನಿಮ್ಮ ಅಜ್ಜಿಗೆ ಕಾಗದ ಬರೀಬೇಕಂತೆ" ಎಂದೆ. ಅವರು ನನ್ನ ಮೇಜಿನಿಂದ ಒಂದು ಖಾಲಿ ಲಕೋಟೆ ಕೇಳಿ ತೆಗೆದುಕೊಂಡರು. ಆಮೇಲೆ ಹೋದರು.

ಉದ್ದವಾಗಿ ಬರೆಯುತ್ತೇನೆ, ಎಲ್ಲರಿಗೂ ಓದಿ ಹೇಳು. ನಮ್ಮದು ನೋಟು ಎಣಿಸುವ ಬ್ಯಾಂಕಲ್ಲ. ದೇಶಗಳೇ ಸೇರಿ ಕಟ್ಟಿಕೊಂಡದ್ದು, ದೇಶಗಳಿಗೇ ಸಾಲ ಕೊಡುವುದು. ದೊಡ್ಡ ದೇಶಗಳಿಗೆ ಒಂದೊಂದು ಕುರ್ಚಿ. ನಮ್ಮಂಥ ಹನ್ನೊಂದು ಪುಟ್ಟ ದೇಶಗಳಿಗೆ ಸೇರಿ ಒಂದೇ ಕುರ್ಚಿ, ಕೂಡುಕುಟುಂಬದ ಹಾಗೆ. ಅದರಲ್ಲಿ ಕೂರುವವರು ನಮ್ಮ ಸಾಹೇಬರು. ನಾನು ಅವರ ಸಹಾಯಕಿ, ಹಿಂದೆ ಗೋಡೆಗೆ ಒರಗಿಸಿದ ಸಣ್ಣ ಕುರ್ಚಿಯಲ್ಲಿ ಇರುತ್ತೇನೆ. ಸಾಹೇಬರು ಒಳ್ಳೆಯವರು. ಆದರೆ ಕಷ್ಟದ ಸಭೆ ಬಂದಾಗಲೆಲ್ಲ ಅವರಿಗೆ ಜ್ವರ ಬರುತ್ತದೆ.

ಹಿರಿಯರು ಯಾವ ದೇಶದವರಾದರೂ ಆಗಬಹುದು ಎಂದು ನಿಯಮದಲ್ಲಿದೆ. ಆದರೆ ಬ್ಯಾಂಕು ಹುಟ್ಟಿದಾಗಿನಿಂದ ಒಂದೇ ದೇಶದವರು ಆಗಿದ್ದಾರೆ, ಎಲ್ಲರಿಗಿಂತ ಹೆಚ್ಚು ಕೊಟ್ಟ ದೇಶದವರು. ಆ ದೇಶ ಯಾವುದೋ ಊಟದ ಮೇಜಿನಲ್ಲಿ ಒಂದು ಹೆಸರು ಹೇಳುತ್ತದೆ. ಸಭೆಯ ದಿನ ಅಧ್ಯಕ್ಷತೆ ವಹಿಸಿದವರು ಆ ಹೆಸರು ಓದಿ, "ಯಾರಾದರೂ ಮಾತಾಡುವವರಿದ್ದೀರಾ?" ಎಂದು ಕೇಳಿ, ಸ್ವಲ್ಪ ಕಾಯುತ್ತಾರೆ. ಅಲ್ಲಿಯ ಜಮಖಾನೆ ಎಷ್ಟು ದಪ್ಪವೆಂದರೆ ಕಾಲು ಅಲುಗಿಸಿದರೂ ಕೇಳುವುದಿಲ್ಲ. ಯಾರೂ ಮಾತಾಡುವುದಿಲ್ಲ. ಮರದ ಸುತ್ತಿಗೆಯಿಂದ ಒಂದು ಏಟು. ಎಲ್ಲರ ಒಪ್ಪಿಗೆಯಿಂದ ಎಂದು ಬರೆದುಕೊಳ್ಳುತ್ತಾರೆ. ಎಣಿಸುವುದೇ ಇಲ್ಲ ಅಜ್ಜಿ. ಮೌನವೇ ಮತ.

ಈ ಸಲ ಇಬ್ಬರಿದ್ದಾರೆ. ಒಬ್ಬರು ಆ ದೇಶದವರು, ಎತ್ತರದ ಮನುಷ್ಯ, ನಗುಮುಖ, ದೊಡ್ಡ ಕಂಪನಿ ನಡೆಸಿದವರು. ಇನ್ನೊಬ್ಬರು ನಮ್ಮಂಥದೇ ಪುಟ್ಟ ದೇಶದ ಹೆಂಗಸು. ಅಲ್ಲಿ ಹಣಕಾಸಿನ ಮಂತ್ರಿಯಾಗಿದ್ದವರು. ಬಿಸಿಲಿರಲಿ, ಇಲ್ಲದಿರಲಿ, ಕೈಯಲ್ಲಿ ಛತ್ರಿ. ನಾವು ಛತ್ರಿ ಅಮ್ಮ ಅನ್ನುತ್ತೇವೆ. ಇಬ್ಬರನ್ನೂ ಕೂರಿಸಿ ಪ್ರಶ್ನೆ ಕೇಳಿದರು. ಛತ್ರಿ ಅಮ್ಮನ ಉತ್ತರವನ್ನು ಎಲ್ಲರೂ ಬರೆದುಕೊಂಡರು. ಎತ್ತರದವರ ಉತ್ತರಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು.

ಹೆಚ್ಚು ಕೊಟ್ಟವರದ್ದೇ ಮಾತು ಎಂದೆಯಲ್ಲ. ನಮ್ಮ ಊರಿನ ಆಸ್ಪತ್ರೆಯ ಹೆರಿಗೆ ವಾರ್ಡು ಮುಚ್ಚಿದರಲ್ಲ ಅಜ್ಜಿ, ಸಾಲ ಬೇಕಾದರೆ ಖರ್ಚು ಇಳಿಸಿ ಎಂಬ ಆ ಮಾತು ಹುಟ್ಟಿದ್ದು ಈ ಮೇಜಿನ ಮೇಲೆ. ಹೇಳಿದವರ ಮನೆಯ ಯಾರೂ ಆ ವಾರ್ಡಿನಲ್ಲಿ ಹೆರುವವರಲ್ಲ. ಕೊಟ್ಟವರಿಗೆ ಒಂದು ಮಾತಿರಲಿ, ಬೇಡ ಅನ್ನುವುದಿಲ್ಲ. ಆ ಮಾತಿನ ಕೆಳಗೆ ಬದುಕುವವರಿಗೂ ಒಂದು ಮಾತು ಬೇಡವೇ? ಪ್ರತಿ ಕುರ್ಚಿಯೂ ತನಗೆ ಯಾರು ಬೇಕು, ಯಾಕೆ ಬೇಕು ಎಂದು ಬಾಯಿಬಿಟ್ಟು ಹೇಳಲಿ. ನನ್ನ ಆಸೆ ಅಷ್ಟೇ.

ನಿಮ್ಮ ಸಂಘದಲ್ಲಿ ಹೇಗೆ ಕೇಳುತ್ತಾರೆ?

ನಿನ್ನ ಗುಬ್ಬಿ

*

ಫೆಬ್ರವರಿ ೧೬, ಮಧ್ಯಾಹ್ನ

ಗುಬ್ಬಿ,

ನಿನ್ನ ಕಾಗದ ಓದಿದ್ದೇ ತಪ್ಪಾಯಿತು. ಮಹಡಿಯಲ್ಲಿ ಈಗ ಬೇರೆ ಮಾತೇ ಇಲ್ಲ. ಬಾಗಿಲು ತೆಗೆಯುವ ಮೊದಲೇ "ಛತ್ರಿ ಅಮ್ಮ ಏನಾದ್ರು?" ಎಂದು ಕೇಳುತ್ತಾರೆ. ಪೆಟಿಕೋಟು ಹೊಲಿಯುವವರಿಗೆ ಲೋಕದ ಬ್ಯಾಂಕಿನ ಚಿಂತೆ. ಎಲ್ಲರಿಗಿಂತ ಹೆಚ್ಚು ಕಾಜಾದವಳಿಗೆ. ನಿನಗೆ ನೆನಪಿರಬೇಕು, ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುತ್ತಾಳಲ್ಲ, ತುಟಿಯಲ್ಲಿ ಯಾವಾಗಲೂ ಸೂಜಿ ಕಚ್ಚಿಕೊಂಡು, ಆ ಮೂಲೆಯವಳು. ಸೂಜಿ ಇರುವುದರಿಂದ ಇಷ್ಟು ವರ್ಷ ಅವಳ ದನಿಯೇ ಕೇಳಿರಲಿಲ್ಲ. ಮೊನ್ನೆ ಸೂಜಿ ತೆಗೆದು ಕೇಳಿದಳು.

"ದೊಡ್ಡಮ್ಮ, ಮಾತಾಡ್ದಿದ್ರೆ ಒಪ್ಪಿಗೆ ಅಂತ ಮೊದಲು ಹೇಳಿದ್ದು ಯಾರಂತೆ?"

"ಯಾರೋ ಬುದ್ಧಿ ಇರೋರು. ನೀನು ಕಾಜಾ ನೆಟ್ಟಗೆ ಹಾಕು."

"ನೆಟ್ಟಗೇ ಇದೆ. ಅವ್ರು ಹಾಗಂದಾಗಲೂ ಯಾರೂ ಮಾತಾಡಿರ್ಲಿಲ್ವೇನೋ!"

ಎಲ್ಲರೂ ನಕ್ಕರು. ಕೆಲಸಕ್ಕಿಂತ ನಗು ಹೆಚ್ಚಾಗಿದೆ.

ಹೆರಿಗೆ ವಾರ್ಡಿನ ವಿಷಯ ಓದಿ ನನಗೂ ಸಿಟ್ಟು ಬಂತು, ಇಲ್ಲ ಅನ್ನುವುದಿಲ್ಲ. ಆದರೂ ಕೇಳು. ಯಂತ್ರ ಕೊಟ್ಟವಳು ನಾನು. ನಾಳೆ ಎಲ್ಲರೂ ಸೇರಿ, ಎಣ್ಣೆ ಬಿಡಲೂ ಬಾರದ ಯಾರನ್ನೋ ಆರಿಸಿ, ಅವಳು ಯಂತ್ರ ಮಾರಿ ಹೋದರೆ ಯಾರನ್ನು ಕೇಳಲಿ? ಕೊಟ್ಟವರಿಗೆ ಕೈಬಿಡಲು ಭಯ. ಆ ದೊಡ್ಡ ದೇಶಕ್ಕೂ ಅದೇ ಇರಬೇಕು. ಭಯ ಪಡುವವರನ್ನೆಲ್ಲ ಕೆಟ್ಟವರು ಎಂದುಕೊಳ್ಳಬೇಡ.

ನಮ್ಮ ಸಂಘದಲ್ಲಿ ಹೇಗೆ ಎಂದು ಕೇಳಿದ್ದೀಯ. ನಮ್ಮ ಸಂಘದಲ್ಲಿ ಎಲ್ಲ ಚೆನ್ನಾಗಿಯೇ ನಡೆಯುತ್ತಿದೆ.

ಮತ್ತೊಂದು ಕನಸು ಬಿತ್ತು. ನೀನು ಆ ಗೋಡೆಗೆ ಒರಗಿಸಿದ ಕುರ್ಚಿಯಲ್ಲಿದ್ದೀಯ. ಜಮಖಾನೆ ಹುಲ್ಲಿನಂತೆ ಬೆಳೆಯುತ್ತಿದೆ. ಮೊದಲು ಪಾದ ಮುಚ್ಚಿತು, ಆಮೇಲೆ ಮೊಣಕಾಲು. ನೀನು ಮಾತ್ರ ಏನೂ ಆಗದವಳಂತೆ ಬರೆಯುತ್ತಲೇ ಇದ್ದೀಯ. ಕೂಗಬೇಕೆಂದರೆ ನನ್ನ ಬಾಯಲ್ಲಿ ಸೂಜಿಗಳು. ಎಚ್ಚರವಾದಾಗ ಗಿರಣಿ ನಿಂತಿತ್ತು.

ಅದಕ್ಕೇ ಹೇಳುತ್ತೇನೆ. ಸಾಹೇಬರಿಗೆ ಜ್ವರ ಬಂದ ದಿನ ನಿನಗೆ ಹೊಟ್ಟೆನೋವು ಬರಲಿ. ನಮಗೆ ಛತ್ರಿ ಅಮ್ಮನೂ ಬೇಡ, ಎತ್ತರದವನೂ ಬೇಡ. ನಿನ್ನ ಕೆಲಸ ನಿನಗಿರಲಿ.

ಅಜ್ಜಿ

*

ಮಾರ್ಚ್ ೫

ಅಜ್ಜಿ,

ಜ್ವರ ಬಂದೇಬಿಟ್ಟಿತು. ಸಾಹೇಬರು ಏಪ್ರಿಲ್ ಕೊನೆಯವರೆಗೆ ರಜೆ ಹಾಕಿದ್ದಾರೆ. ಹಿರಿಯರನ್ನು ಆರಿಸುವ ಏಪ್ರಿಲ್ ಹನ್ನೆರಡರ ಸಭೆಯಲ್ಲಿ ಆ ಕುರ್ಚಿಯಲ್ಲಿ ನಾನು ಕೂರಬೇಕು.

ನಿನಗೆ ಹೇಳದ ಎರಡು ವಿಷಯಗಳಿವೆ. ಹನ್ನೊಂದು ದೇಶಗಳಿಗೂ ಬರೆದು ಕೇಳಿದ್ದೆವು. ಹೆಚ್ಚಿನವರು ಛತ್ರಿ ಅಮ್ಮನ ಹೆಸರೇ ಹೇಳಿದ್ದಾರೆ. ಪ್ರತಿ ಸಲವೂ ಹೀಗೇ ಯಾರದೋ ಹೆಸರು ಬರುತ್ತದಂತೆ, ಸಾಹೇಬರು ಅದನ್ನು ಮೇಜಿನವರೆಗೆ ಒಯ್ಯುವುದಿಲ್ಲವಂತೆ. ರಜೆಗೆ ಹೋಗುವಾಗ ನನ್ನ ಭುಜ ತಟ್ಟಿ, "ಈ ಜ್ವರ ಅಂಟುವಂಥದ್ದು, ನಿನಗೂ ಬಂದೀತು, ಹುಷಾರು" ಎಂದರು. ಎರಡನೆಯದು, ನನ್ನ ಕೆಲಸ ಖಾಯಂ ಅಲ್ಲ. ಖಾಯಂ ಎಂದು ಅಮ್ಮನಿಗೆ ಹೇಳಿದ್ದು ಸುಳ್ಳು. ಜೂನ್ ಕೊನೆಗೆ ಬ್ಯಾಂಕಿನವರು ಮತ್ತೆ ಸಹಿ ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಮಾತಾಡಿದರೆ ಹಾಕಲಾರರು.

ಈ ವಾರವೆಲ್ಲ ಮಂಜು. ಎದುರಿನ ಕಟ್ಟಡ ಕಾಣುವುದಿಲ್ಲ, ಅದರ ದೀಪಗಳು ಮಾತ್ರ ಗಾಳಿಯಲ್ಲಿ ನೇತಾಡುತ್ತಿರುತ್ತವೆ. ನಡೆಯುವಾಗ ನಾನೂ ಇದ್ದೇನೋ ಇಲ್ಲವೋ ಅನ್ನಿಸುತ್ತದೆ.

ಹೊಟ್ಟೆನೋವು ಬರಲಿ ಎಂದು ನೀನು ಬರೆದದ್ದು ಇದೆಲ್ಲ ತಿಳಿಯುವ ಮೊದಲು. ಈಗ ಇನ್ನೊಮ್ಮೆ ಯೋಚಿಸು. ನೀನು ಬೇಡ ಎಂದರೆ ನಾನು ಸುಮ್ಮನಿರುತ್ತೇನೆ, ನಿಜವಾಗಿ ಹೇಳುತ್ತಿದ್ದೇನೆ. ಇಲ್ಲಿ ಸಣ್ಣಪುಟ್ಟ ವಿಷಯಗಳಿಗೆ ಸಭೆ ಕರೆಯುವುದಿಲ್ಲ, ಕಾಗದ ಕಳಿಸುತ್ತೇವೆ. ಇಂಥ ದಿನದೊಳಗೆ ಬೇಡ ಎಂದು ಯಾರೂ ಬರೆಯದಿದ್ದರೆ ಒಪ್ಪಿಗೆ. ನಿನಗೂ ಹಾಗೇ ಕೇಳುತ್ತಿದ್ದೇನೆ ಅಜ್ಜಿ. ಹನ್ನೆರಡರೊಳಗೆ ನಿನ್ನ ಕಾಗದ ಬರದಿದ್ದರೆ ನಿನ್ನ ಒಪ್ಪಿಗೆ ಎಂದುಕೊಳ್ಳುತ್ತೇನೆ.

ಗುಬ್ಬಿ

*

ಏಪ್ರಿಲ್ ೧೬

ಅಜ್ಜಿ,

ನಿನ್ನ ಕಾಗದ ಬರಲಿಲ್ಲ. ಹನ್ನೆರಡರ ಬೆಳಿಗ್ಗೆಯೂ ಟಪಾಲು ಕೋಣೆಗೆ ಇಳಿದು ಹೋಗಿ ಕೇಳಿದೆ. ಅವರು ಬುಟ್ಟಿಯನ್ನೆಲ್ಲ ತಡಕಾಡಿ ತಲೆ ಅಲ್ಲಾಡಿಸಿದರು. ಮೆಟ್ಟಿಲು ಹತ್ತುವಾಗ ನನ್ನ ಬೆನ್ನ ಮೇಲೆ ನಿನ್ನ ಕೈ ಇದ್ದ ಹಾಗಿತ್ತು.

ಅಧ್ಯಕ್ಷತೆ ವಹಿಸಿದವರು ಎತ್ತರದವರ ಹೆಸರು ಓದಿದರು. ಮಾತಾಡುವವರಿದ್ದೀರಾ ಎಂದು ಕೇಳಿದರು. ಆಮೇಲಿನ ಮೌನ ನೀರಿನೊಳಗೆ ಕಣ್ಣು ಬಿಟ್ಟ ಹಾಗಿತ್ತು ಅಜ್ಜಿ. ಎಲ್ಲರ ಮುಖವೂ ಕಾಣುತ್ತಿದೆ, ಎಲ್ಲವೂ ಸ್ವಲ್ಪ ಅಲುಗುತ್ತಿದೆ. ಸುತ್ತಿಗೆ ಮೇಲಕ್ಕೆ ಎದ್ದದ್ದನ್ನು ನೋಡಿದೆ. ಮೈಕಿನ ಗುಂಡಿ ಒತ್ತಿದೆ, ಕೆಂಪು ದೀಪ ಹೊತ್ತಿತು. ನನ್ನ ದನಿ ಪಕ್ಕದ ಕೋಣೆಯಲ್ಲಿ ಯಾರೋ ಮಾತಾಡಿದಂತೆ ಕೇಳಿಸಿತು.

"ನಮ್ಮ ಕುರ್ಚಿಯ ಒಪ್ಪಿಗೆ ಇಲ್ಲ. ನಾವು ಇನ್ನೊಬ್ಬರ ಹೆಸರು ಹೇಳುತ್ತೇವೆ, ಯಾಕೆಂದೂ ಹೇಳುತ್ತೇವೆ. ಉಳಿದವರೂ ಒಬ್ಬೊಬ್ಬರಾಗಿ ಹೇಳಬೇಕೆಂದು ಕೇಳಿಕೊಳ್ಳುತ್ತೇವೆ."

ಸುತ್ತಿಗೆ ಗಾಳಿಯಲ್ಲೇ ನಿಂತಿತು. ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯಲಿಲ್ಲ. ಆಚೆ ಬದಿಯಿಂದ ಇನ್ನೊಂದು ಕೆಂಪು ದೀಪ ಹೊತ್ತಿತು. ಆಮೇಲೆ ಮತ್ತೊಂದು. ಹಾಗೆ ಕೇಳುವ ನಿಯಮ ಇದೆಯೋ ಇಲ್ಲವೋ ಎಂದು ಪುಸ್ತಕ ತರಿಸಿದರು, ಇತ್ತು. ಯಾರೂ ಕೇಳಿರಲಿಲ್ಲ ಅಷ್ಟೇ. ಒಂದೊಂದೇ ಕುರ್ಚಿ ಮಾತಾಡಿತು. ಯಾಕೆ ಎಂಬುದಕ್ಕೆ ಕೆಲವರು "ಪದ್ಧತಿ" ಎಂದು ಹೇಳಿ ನೀರು ಕುಡಿದರು.

ಗೆದ್ದವರು ಎತ್ತರದವರೇ. ಕೊಟ್ಟ ಹಣದ ಲೆಕ್ಕದಲ್ಲೇ ಮತ ತೂಗುತ್ತಾರೆ, ಅವರ ಕಡೆಯೇ ಭಾರ. ಆದರೆ ಎಲ್ಲರ ಒಪ್ಪಿಗೆಯಿಂದ ಎಂದು ಈ ಸಲ ಬರೆಯಲಾಗಲಿಲ್ಲ. ಮುಂದಿನ ಸಲ ಮೊದಲೇ ಹೀಗೆ ಕೇಳಬೇಕೋ ಬೇಡವೋ ಎಂದು ನೋಡಲು ಒಂದು ಸಮಿತಿ ಮಾಡಿದ್ದಾರೆ. ಸಮಿತಿಗಳ ಗತಿ ನಿನಗೇ ಗೊತ್ತು.

ಜೂನ್ ಕೊನೆಗೆ ನನ್ನ ಕೆಲಸ ಮುಗಿಯುತ್ತದೆ ಎಂದು ನಿನ್ನೆ ಕಾಗದ ಕೊಟ್ಟರು. ನನಗೆ ಭಯವಿಲ್ಲ. ನೀನು ಜೊತೆಗಿದ್ದೆಯಲ್ಲ.

ಗುಬ್ಬಿ

*

ಮೇ ೪

ನಾನು ಜೊತೆಗಿರಲಿಲ್ಲ.

ಯಾವ ಅಜ್ಜಿ ತನ್ನ ಮೊಮ್ಮಗಳಿಗೆ ಕೆಲಸ ಕಳೆದುಕೋ ಎಂದು ಒಪ್ಪಿಗೆ ಕೊಡುತ್ತಾಳೆ? ನಾನು ಬೇಡ ಎಂದೇ ಇದ್ದೆ. ಬರೆಯಲಿಲ್ಲ ಅಷ್ಟೇ. ಯಾಕೆ ಬರೆಯಲಿಲ್ಲ ಎಂದು ಕೇಳಬೇಡ, ಇಲ್ಲಿ ನನಗೆ ನನ್ನದೇ ತಾಪತ್ರಯ. ನನ್ನ ಕಾಗದ ಬರದಿದ್ದರೆ ಕಾಯಿಲೆಯೇನೋ, ಸತ್ತಳೇನೋ ಎಂದು ಗಾಬರಿಯಾಗಬೇಕಿತ್ತು. ಒಪ್ಪಿದಳು ಎಂದುಕೊಂಡು ಮೆಟ್ಟಿಲು ಹತ್ತಿದೆಯಾ? ಬೆನ್ನ ಮೇಲೆ ಕೈ ಅಂತೆ! ನನ್ನ ಕೈ ಇಲ್ಲೇ ಇತ್ತು, ನನ್ನ ಮಡಿಲಲ್ಲೇ, ಮುಷ್ಟಿ ಕಟ್ಟಿಕೊಂಡು.

ನನ್ನ ಬಾಯಲ್ಲಿ ಇಲ್ಲದ ಮಾತನ್ನು ನನ್ನದೆಂದು ಮಾಡಲು ನಿನಗೆ ಯಾರು ಹೇಳಿದರು? ಆ ಬ್ಯಾಂಕಿನವರಿಗೂ ನಿನಗೂ ಏನು ವ್ಯತ್ಯಾಸ?

ಈ ಕಾಗದವನ್ನು ಮಹಡಿಯಲ್ಲಿ ಓದುವುದಿಲ್ಲ. ನಿನ್ನ ಕಾಗದವನ್ನೂ ಓದಲಿಲ್ಲ.

ಅಜ್ಜಿ

*

ಮೇ ೧೭

ಅಜ್ಜಿ,

ನೀನು ಹೇಳಿದ್ದು ಸರಿ. ವ್ಯತ್ಯಾಸವಿಲ್ಲ. ಮೂರು ದಿನ ಅದನ್ನೇ ಯೋಚಿಸಿದೆ. ಕ್ಷಮಿಸು.

ಆದರೆ ಕೇಳದೆ ಇರಲಾರೆ. ಒಪ್ಪಿಗೆ ಅಲ್ಲದಿದ್ದರೆ ನಿನ್ನ ಆ ಮೌನ ಏನಾಗಿತ್ತು?

ಛತ್ರಿ ಅಮ್ಮ ತಮ್ಮ ದೇಶಕ್ಕೆ ಮರಳುತ್ತಿದ್ದಾರೆ. ಅಲ್ಲಿ ಸಣ್ಣ ಕಚೇರಿ ತೆರೆಯುತ್ತಾರಂತೆ, ಜೊತೆಗೆ ಬಾ ಎಂದಿದ್ದಾರೆ. ಇಲ್ಲಿಗಿಂತಲೂ ದೂರ, ಸಂಬಳವೂ ಕಡಿಮೆ. ಇಲ್ಲವೆಂದರೆ ಮನೆಗೆ ಬರುತ್ತೇನೆ. ನೀನು ಹೇಳಿದ ಹಾಗೆ ಮಾಡುತ್ತೇನೆ.

ಗುಬ್ಬಿ

*

ಜೂನ್ ೩, ಮಹಡಿಯಿಂದ

ಗುಬ್ಬಿ ಮರಿ,

ಕೇಳಬೇಡ ಎಂದದ್ದನ್ನೇ ಕೇಳಿದೆ. ಹೇಳುತ್ತೇನೆ, ಮಧ್ಯೆ ನಗಬೇಡ.

ನಿನ್ನ ಮಾರ್ಚಿನ ಕಾಗದ ಬಂದ ವಾರವೇ ನಮ್ಮ ಸಂಘದ ವಾರ್ಷಿಕ ಸಭೆ. ಎಂದಿನ ಹಾಗೆ ಗುಮಾಸ್ತ ನಿಂತುಕೊಂಡು ನನ್ನ ಹೆಸರು ಹೇಳಿದ. "ಯಾರಾದ್ರೂ ಏನಾದ್ರೂ ಹೇಳೋದಿದ್ಯಾ?" ಎಂದ. ಎಂದಿನ ಹಾಗೆ ಪುಸ್ತಕ ಮುಚ್ಚಲು ಹೋದ. ಕಾಜಾದವಳು ತುಟಿಯಿಂದ ಸೂಜಿ ತೆಗೆದು, ಸೆರಗಿಗೆ ಚುಚ್ಚಿ, ಎದ್ದು ನಿಂತಳು.

"ದೊಡ್ಡಮ್ಮ ಬೇಡ ಅಂತಲ್ಲ. ಒಂದ್ಸಲ ನಮ್ಮನ್ನೂ ಕೇಳಿ ಅಂತ."

"ಈಗ ಕೇಳ್ತಾ ಇಲ್ವಾ?" ಎಂದೆ.

"ಇದು ಕೇಳೋದಲ್ಲ ದೊಡ್ಡಮ್ಮ. ಇದು ಕಾಯೋದು."

ನಾನು ಎದ್ದು ಬಂದುಬಿಟ್ಟೆ. ಚಪ್ಪಲಿ ಹಾಕಿಕೊಳ್ಳಲೂ ಮರೆತು ಗಿರಣಿಯ ಮುಂದಿನ ಹಿಟ್ಟಿನ ಮೇಲೆ ಹೆಜ್ಜೆ ಮೂಡಿಸಿಕೊಂಡು ಬಂದೆ. ಉಳಿದ ಮಾರ್ಚೆಲ್ಲ, ಏಪ್ರಿಲೆಲ್ಲ ಮನೆಯಿಂದ ಹೊರಡಲಿಲ್ಲ. ನಿನ್ನ ಕಾಗದ ಓದಿ ಓದಿಯೇ ಅವಳು ಕಲಿತದ್ದು ಎಂದು ನಿನ್ನ ಮೇಲೂ ಸಿಟ್ಟು. ಬೇಡ ಎಂದು ಬರೆಯಲು ನಾಲ್ಕು ಸಲ ಕೂತೆ. ಪೆನ್ನು ಹಿಡಿದರೆ ಅವಳ ಮುಖ ಬರುತ್ತಿತ್ತು, ನಿನ್ನದಲ್ಲ. ನೀನು ಕೇಳಿದ ಮೌನ ಅದು. ಅದು ಒಪ್ಪಿಗೆಯೂ ಅಲ್ಲ, ವಿರೋಧವೂ ಅಲ್ಲ. ಮುನಿಸು. ಅದರಲ್ಲಿ ನೀನು ಇರಲೇ ಇಲ್ಲ, ಪಾಪ.

ನಿನ್ನ ಮೇ ತಿಂಗಳ ಕಾಗದ ಓದಿದ ಮೇಲೆ ಮಹಡಿಗೆ ಹೋದೆ. ಎಲ್ಲರೂ ನನ್ನನ್ನು ನೋಡಿ ಯಂತ್ರ ನಿಲ್ಲಿಸಿದರು. ನನಗೆ ಬೇರೆ ಪೀಠಿಕೆ ಬರುವುದಿಲ್ಲ. ನೇರವಾಗಿ ಕೇಳಿದೆ.

"ಇಷ್ಟು ವರ್ಷ ಬಾಯಿ ಮುಚ್ಕೊಂಡು ಕೂತಿದ್ರಲ್ಲ, ಆಗ ಮನಸ್ಸಲ್ಲಿ ಏನಿತ್ತು? ಒಬ್ಬೊಬ್ಬರೇ ಬೊಗಳಿ."

ಮೊದಲು ಪೆಟಿಕೋಟಿನವಳು "ನನಗೆ ನಿದ್ದೆ ದೊಡ್ಡಮ್ಮ, ಸಭೆ ಇಡೋದು ಯಾವಾಗ್ಲೂ ಊಟ ಆದ್ಮೇಲೆ" ಎಂದಳು. ಅಳತೆಯವಳಿಗೆ ಒಲೆಯ ಮೇಲೆ ಹಾಲಿಟ್ಟು ಬಂದ ನೆನಪು. ಕಿಟಕಿಯ ಪಕ್ಕದವಳು, ಬೇಡ ಎಂದರೆ ಕಿಟಕಿಯ ಜಾಗ ಹೋದೀತು ಎಂದು ಹೆದರಿದ್ದಳಂತೆ. ದಪ್ಪ ಕನ್ನಡಕದವಳು "ನಾನು ನಿಜವಾಗ್ಲೂ ಒಪ್ಪಿದ್ದೆ, ಯಾರಾದ್ರೂ ಕೇಳಿದ್ರೆ ಜೋರಾಗಿ ಹೇಳ್ತಿದ್ದೆ, ಯಾರೂ ಕೇಳ್ಲಿಲ್ಲ" ಎಂದು ಅತ್ತೇಬಿಟ್ಟಳು. ಇನ್ನೊಬ್ಬಳಿಗೆ ಸಭೆ ನಡೆಯುತ್ತಿದೆ ಎಂದೇ ತಿಳಿದಿರಲಿಲ್ಲ. ನೋಡು ಗುಬ್ಬಿ, ನಾನು ಒಂದೇ ಥಾನು ಎಂದುಕೊಂಡು ಹೊದ್ದದ್ದು ಎಷ್ಟೊಂದು ತುಂಡು ಬಟ್ಟೆಗಳು.

ಹೋದ ವಾರ ಅಧ್ಯಕ್ಷೆ ಯಾರಾಗಬೇಕೆಂದು ಸರಿಯಾಗಿ ಕೇಳಿದರು. ಬಟ್ಟೆ ತೊಟ್ಟು ನೋಡುವ ಪರದೆಯ ಹಿಂದೆ ಡಬ್ಬಿ ಇಟ್ಟರು. ಬಿಳಿ ಗುಂಡಿ ನನಗೆ, ಕಪ್ಪು ಗುಂಡಿ ಕಾಜಾದವಳಿಗೆ. ಗುಂಡಿ ಹಾಕುವ ಮೊದಲು ಇಬ್ಬರೂ ನಿಂತು ಏನು ಮಾಡುತ್ತೇವೆ ಎಂದು ಹೇಳಬೇಕು, ಅದು ಅವಳ ಷರತ್ತು. ನಾನು ಯಂತ್ರ ಕೊಟ್ಟ ಕಥೆ ಹೇಳಿದೆ. ಅವಳು ಮಧ್ಯಾಹ್ನದ ಬಿಸಿಲಿಗೆ ಪರದೆ, ಹೊಸಬರಿಗೆ ಕಾಲರು ಕಲಿಸುವುದು, ಲೆಕ್ಕವನ್ನು ತಿಂಗಳಿಗೊಮ್ಮೆ ಗಟ್ಟಿಯಾಗಿ ಓದುವುದು ಎಂದಳು. ನನ್ನ ಯಂತ್ರವನ್ನು ಮಾರುವುದಿಲ್ಲ ಎಂದೂ ಹೇಳಿದಳು, ನಾನು ಕೇಳದೆಯೇ. ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋದರು. ಟಕ್, ಟಕ್ ಎಂದು ಡಬ್ಬಿಯಲ್ಲಿ ಬೀಳುವ ಸದ್ದು. ನಾನು ನನಗೇ ಹಾಕಿಕೊಂಡೆ, ಮತ್ತೆ ಇನ್ಯಾರಿಗೆ ಹಾಕಲಿ?

ಕಪ್ಪು ಹೆಚ್ಚಿತ್ತು.

ಆ ಮಧ್ಯಾಹ್ನ ಯಾಕೋ ಮೈ ಹಗುರಾಗಿ, ನಿಂತಲ್ಲಿಂದ ಎರಡು ಬೆರಳು ಮೇಲೆ ಇದ್ದ ಹಾಗಿತ್ತು. ಹಗಲು ಅಲ್ಲಾಡುತ್ತಿತ್ತು. ಸೋತವರಿಗೆ ಹೀಗಾಗುತ್ತದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ಸಂತೋಷ ಎಂದುಕೊಳ್ಳಬೇಡ, ಮನೆಗೆ ಬಂದು ನಿನ್ನ ಅಮ್ಮನ ಮೇಲೆ ಚೆನ್ನಾಗಿ ಕಿರುಚಾಡಿದೆ.

ನಿನ್ನೆ ಒಂದು ಶಾಲೆಯವರು ಸಮವಸ್ತ್ರ ಹೊಲಿಯಲು ಕೇಳಿ ಬಂದರು. ದೊಡ್ಡ ಕೆಲಸ. ನಾನಿದ್ದಾಗ ನಾನು ಹೂಂ ಎಂದರೆ ಎಲ್ಲರೂ ಹೊಲಿಯಬೇಕಿತ್ತು. ಕಾಜಾದವಳು ಯಂತ್ರದಿಂದ ಯಂತ್ರಕ್ಕೆ ಹೋಗಿ ಕೇಳಿದಳು. ಎಷ್ಟು ಹೊತ್ತು ಹಿಡಿಯಿತೆಂದರೆ ಶಾಲೆಯವರು ಕುರ್ಚಿಯಲ್ಲೇ ತೂಕಡಿಸಿದರು. ಕೊನೆಗೆ ನನ್ನ ಮುಂದೆ ಬಂದು ನಿಂತಳು.

"ದೊಡ್ಡಮ್ಮ, ನಿಮ್ಗೆ ಏನನ್ಸುತ್ತೆ?"

ಗುಬ್ಬಿ, ಈ ವಯಸ್ಸಿನವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ನಾನು ಹೇಳುವುದು, ಅವರು ಕೇಳಿಸಿಕೊಳ್ಳುವುದು, ಅಷ್ಟೇ ನಡೆದಿತ್ತು. ಬಾಯಿ ತೆರೆದೆ, ಒಳಗೆ ಏನೂ ತಯಾರಿರಲಿಲ್ಲ. "ಯೋಚನೆ ಮಾಡಿ ಹೇಳ್ತೀನಿ" ಎಂದೆ. ಮಹಡಿಯೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ಯೋಚನೆ ಮಾಡುತ್ತೇನಂತೆ! ಅವಳು ಮಾತ್ರ ನಗಲಿಲ್ಲ. ಒಂದು ಸ್ಟೂಲು ಎಳೆದುಕೊಂಡು ನನ್ನ ಪಕ್ಕ ಕೂತಳು, ನಾನು ಯೋಚಿಸಿ ಮುಗಿಸುವವರೆಗೂ.

ಈಗ ನಿನ್ನ ವಿಷಯ. ನೀನು ಹೇಳಿದ ಹಾಗೆ ಮಾಡುತ್ತೇನೆ ಎಂದು ಬರೆದಿದ್ದೀಯ. ಹೇಳುವುದಿಲ್ಲ. ನನಗೆ ಏನು ಬೇಕು ಎಂದು ನಿನಗೆ ಗೊತ್ತು, ನೀನು ಇಲ್ಲಿಗೆ ಬಂದು ನನ್ನ ಕಣ್ಣ ಮುಂದೆ ಇರಬೇಕು. ಅದು ನನ್ನ ಒಂದು ಗುಂಡಿ. ನಿನ್ನ ಅಮ್ಮನದು ಇನ್ನೊಂದು. ಆ ಛತ್ರಿಯವಳದೂ ಒಂದಿರಲಿ, ಅವಳು ಕೇಳಿಯೇ ಕರೆದಿದ್ದಾಳಲ್ಲ. ಆದರೆ ಆ ಕುರ್ಚಿಯಲ್ಲಿ ಕೂತು ಬದುಕುವವಳು ನೀನು. ನಿನಗೆ ಏನು ಬೇಕು? ನಮಗೆಲ್ಲ ಬೇಜಾರಾಗದ ಉತ್ತರ ಬೇಡ. ಯಾಕೆ ಎಂದೂ ಬರೆ. ಪದ್ಧತಿ ಎಂದು ಬರೆದು ನೀರು ಕುಡಿದರೆ ಅಲ್ಲಿಗೇ ಬಂದು ಕಿವಿ ಹಿಂಡುತ್ತೇನೆ.

ನೀನು ಸುಮ್ಮನಿದ್ದರೆ ನಾನು ಏನೂ ಅಂದುಕೊಳ್ಳುವುದಿಲ್ಲ, ಬರೇ ಕಾಯುತ್ತೇನೆ. ಕಾಯುವುದು ನನಗೆ ಎಷ್ಟು ಚೆನ್ನಾಗಿ ಬರುತ್ತದೆ ಎಂದು ನಿನಗೆ ಗೊತ್ತಲ್ಲ.

ಜುಲೈ ಹುಟ್ಟುವುದರೊಳಗೆ ಉತ್ತರ ಬರೆ.

ಅಜ್ಜಿ